ಗೂಟ ಹಿಡಿದ ಕೈಯೆಲ್ಲ ಬೀಸುವುದಿಲ್ಲ: ಎಲಿಪ್ಟಿಕಲ್ ಯಂತ್ರದಲ್ಲಿ ತೋಳುಗಳ ಕೆಲಸ

ಜಿಟಿಜಿಟಿ ಮಳೆ ಹಿಡಿಯಿತೆಂದರೆ ಹುಬ್ಬಳ್ಳಿ-ಧಾರವಾಡದಲ್ಲಿ ಬೆಳಗಿನ ನಡಿಗೆಯವರ ದಿನಚರಿ ತಪ್ಪುತ್ತದೆ. ಉಣಕಲ್ ಕೆರೆಯ ದಂಡೆ, ನೃಪತುಂಗ ಬೆಟ್ಟ, ಕೆಲಗೇರಿ ಕೆರೆಯ ಏರಿ ಎಲ್ಲವೂ ಜಾರುತ್ತವೆ. ಆಗ ಅವರಲ್ಲಿ ಒಂದಷ್ಟು ಜನ ಓಣಿಯ ಜಿಮ್‌ಗೆ ಹೆಸರು ಹಚ್ಚುತ್ತಾರೆ, ಇನ್ನು ಕೆಲವರು ತಮ್ಮದೇ ಅಪಾರ್ಟ್‌ಮೆಂಟಿನ ಕೆಳಮಹಡಿಯ ಜಿಮ್‌ನ ಬಾಗಿಲು ತೆರೆಸುತ್ತಾರೆ. ಮೊಣಕಾಲು ನೋಯುವವರಿಗೆ ಅಲ್ಲಿ ಹೆಚ್ಚಾಗಿ ತೋರಿಸುವ ಯಂತ್ರ ಎಲಿಪ್ಟಿಕಲ್. ಅದರ ಮೇಲೆ ಹತ್ತಿದ ಕೂಡಲೇ ಎದುರಿಗೆ ಎರಡು ಜೊತೆ ಹಿಡಿಕೆಗಳು ಕಾಣುತ್ತವೆ. ಒಂದು ಜೊತೆ ಅಲುಗಾಡುವುದಿಲ್ಲ, ಇನ್ನೊಂದು ಜೊತೆ ಕಾಲಿನೊಂದಿಗೆ ಹಿಂದೆ ಮುಂದೆ ಓಡಾಡುತ್ತದೆ. ಯಾವುದನ್ನು ಹಿಡಿಯಬೇಕು, ಹಿಡಿದು ಏನು ಮಾಡಬೇಕು, ಕೈ ಆಡಿಸಿದರೆ ನಿಜವಾಗಿಯೂ ಹೆಚ್ಚು ಲಾಭವಿದೆಯೇ ಎಂಬುದನ್ನು ವಿವರಿಸುವವರು ಕಡಿಮೆ. ಉತ್ತರ ತಿಳಿಯಬೇಕಾದರೆ ಮೊದಲು ಯಂತ್ರದ ಒಳಗೆ ಏನು ತಿರುಗುತ್ತದೆ ಎಂಬುದನ್ನು ನೋಡಬೇಕು.

ಯಂತ್ರದ ಪರಿಚಯ

ಎಲಿಪ್ಸ್ ಎಂದರೆ ಶಾಲೆಯ ಗಣಿತದಲ್ಲಿ ನಾವು ಓದಿದ ದೀರ್ಘವೃತ್ತ, ಅಂದರೆ ಎರಡು ಕಡೆಯಿಂದ ಎಳೆದಂತಿರುವ ವೃತ್ತ. ಈ ಯಂತ್ರದ ಪೆಡಲ್ ಮೇಲೆ ನಿಂತು ಕಾಲು ಆಡಿಸಿದಾಗ ಪಾದ ಹೆಚ್ಚುಕಡಿಮೆ ಅದೇ ಆಕಾರದ ದಾರಿಯಲ್ಲಿ ಸಾಗುವುದರಿಂದ ಯಂತ್ರಕ್ಕೆ ಎಲಿಪ್ಟಿಕಲ್ ಎಂಬ ಹೆಸರು ಬಂದಿದೆ. ನಮ್ಮ ಜಿಮ್‌ಗಳಲ್ಲಿ ಇದನ್ನು ಕ್ರಾಸ್ ಟ್ರೇನರ್ ಎಂದೂ ಕರೆಯುತ್ತಾರೆ. ಅಭ್ಯಾಸ ಮಾಡಿಸುವ ಹುಡುಗನೂ ಟ್ರೇನರ್, ಯಂತ್ರವೂ ಟ್ರೇನರ್ ಆಗಿರುವುದರಿಂದ ಹೊಸಬರಿಗೆ ಮೊದಲ ದಿನ ಗೊಂದಲವಾಗುವುದುಂಟು. 1995ರಲ್ಲಿ ಅಮೆರಿಕದ ಪ್ರಿಕಾರ್ ಕಂಪನಿ ಇಎಫ್‌ಎಕ್ಸ್ ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದ ನಂತರ ಈ ಬಗೆಯ ಯಂತ್ರಗಳು ಜನಪ್ರಿಯವಾದವು. ಆರಂಭದ ಆ ಮಾದರಿ ಮುಖ್ಯವಾಗಿ ಕಾಲುಗಳಿಗೆಂದೇ ಇತ್ತು. ಓಡಾಡುವ ಹಿಡಿಕೆಗಳು ಸಾಮಾನ್ಯವಾದದ್ದು ಆಮೇಲೆ.

ಓಡುವಾಗ ಪ್ರತಿ ಹೆಜ್ಜೆಗೂ ನೆಲವು ಪಾದಕ್ಕೆ ಕೊಡುವ ಪೆಟ್ಟು ದೇಹದ ತೂಕದ ಎರಡರಿಂದ ಮೂರು ಪಟ್ಟು ಇರುತ್ತದೆ. ಎಲಿಪ್ಟಿಕಲ್‌ನಲ್ಲಿ ಪಾದ ಪೆಡಲ್ ಬಿಟ್ಟು ಏಳುವುದೇ ಇಲ್ಲವಾದ್ದರಿಂದ ಅಂಥ ಪೆಟ್ಟು ಬೀಳುವುದಿಲ್ಲ. ಮೊಣಕಾಲು ನೋವಿನವರಿಗೆ ಇದನ್ನು ಸೂಚಿಸುವುದು ಈ ಕಾರಣಕ್ಕಾಗಿ.

ಪೆಡಲ್‌ಗಳು ಒಂದು ಭಾರವಾದ ಚಕ್ರವನ್ನು ತಿರುಗಿಸುತ್ತವೆ. ಅದಕ್ಕೆ ಫ್ಲೈವೀಲ್ ಎನ್ನುತ್ತಾರೆ. ಸಾಮಾನ್ಯವಾಗಿ ಈ ಚಕ್ರದ ಅಂಚಿಗೆ ತಾಗದಂತೆ ಆಯಸ್ಕಾಂತಗಳನ್ನು ಇರಿಸಿರುತ್ತಾರೆ. ಲೋಹದ ಚಕ್ರ ಆಯಸ್ಕಾಂತದ ಬಳಿ ತಿರುಗಿದಾಗ ಲೋಹದ ಒಳಗೆ ಸಣ್ಣ ಸಣ್ಣ ಸುಳಿಗಳಂತೆ ವಿದ್ಯುತ್ ಹರಿದು, ಆ ವಿದ್ಯುತ್ತೇ ಚಕ್ರದ ಚಲನೆಯನ್ನು ತಡೆಯುತ್ತದೆ. ಬಾವಿಯ ನೀರಿನಲ್ಲಿ ಕೈ ಬೀಸಿದರೆ ಹೇಗೆ ಏನೂ ಹಿಡಿದುಕೊಳ್ಳದೆಯೇ ಕೈ ಭಾರವೆನಿಸುತ್ತದೋ, ಹೆಚ್ಚು ರಭಸದಿಂದ ಬೀಸಿದಷ್ಟೂ ಹೇಗೆ ಹೆಚ್ಚು ಭಾರವಾಗುತ್ತದೋ, ಇದೂ ಹಾಗೆಯೇ. ಸ್ಕ್ರೀನಿನ ಮೇಲೆ ಲೆವೆಲ್ ಹೆಚ್ಚಿಸುವುದೆಂದರೆ ಆಯಸ್ಕಾಂತವನ್ನು ಚಕ್ರಕ್ಕೆ ಇನ್ನಷ್ಟು ಹತ್ತಿರ ತರುವುದು ಅಥವಾ ಅದರ ಬಲವನ್ನು ಹೆಚ್ಚಿಸುವುದು. ಈ ತಡೆಗೆ ರೆಸಿಸ್ಟೆನ್ಸ್ ಎಂದು ಹೆಸರು.

ಎರಡು ಬಗೆಯ ಹಿಡಿಕೆಗಳು

ಸ್ಕ್ರೀನಿನ ಹತ್ತಿರ, ನಡುವಿನ ಕಂಬಕ್ಕೆ ಬಿಗಿದಿರುವ ಸಣ್ಣ ಹಿಡಿಕೆಗಳು ಸ್ಥಿರ ಹಿಡಿಕೆಗಳು. ಚಿಗರಿ ಬಸ್ಸಿನಲ್ಲಿ ನಿಂತು ಹೋಗುವಾಗ ನಾವು ಹಿಡಿದುಕೊಳ್ಳುವ ಕಂಬಿಯ ಕೆಲಸವೇ ಇವುಗಳ ಕೆಲಸ. ಆಯ ತಪ್ಪದಂತೆ ಕಾಯುವುದಷ್ಟೇ ಹೊರತು ಬಸ್ಸನ್ನು ಮುಂದೆ ಓಡಿಸುವುದು ಕಂಬಿಯಲ್ಲ.

ಎಡಬಲಕ್ಕೆ ಉದ್ದವಾಗಿ ಎದ್ದುನಿಂತಿರುವುವು ಚಲಿಸುವ ಹಿಡಿಕೆಗಳು. ಪ್ರತಿ ಹಿಡಿಕೆಯೂ ನಡುವೆ ಒಂದು ಕೀಲಿನ ಮೇಲೆ ಆಡುವ ಸನ್ನೆಗೋಲು. ಅದರ ಕೆಳತುದಿ ಅದೇ ಬದಿಯ ಪೆಡಲ್‌ಗೆ ಜೋಡಣೆಯಾಗಿರುತ್ತದೆ. ಆದ್ದರಿಂದ ಬಲಗಾಲು ಮುಂದೆ ಹೋದಾಗ ಬಲಗೈ ಹಿಂದಕ್ಕೆ ಬರುತ್ತದೆ, ಎಡಗೈ ಮುಂದೆ ಹೋಗುತ್ತದೆ. ಇದು ಯಂತ್ರ ನಮಗೆ ಹೊಸದಾಗಿ ಕಲಿಸುವ ಪಾಠವೇನಲ್ಲ. ರಸ್ತೆಯಲ್ಲಿ ನಡೆಯುವಾಗಲೂ ನಮ್ಮ ತೋಳುಗಳು ಹೀಗೆಯೇ ಎದುರುಬದುರಾಗಿ ಆಡುತ್ತವೆ. ಕಾಲಿನ ಚಲನೆಯಿಂದ ಸೊಂಟ ಒಂದು ಕಡೆಗೆ ತಿರುಗಲು ಹೋದರೆ ತೋಳಿನ ಬೀಸು ಅದನ್ನು ಇನ್ನೊಂದು ಕಡೆಯಿಂದ ಸರಿದೂಗಿಸುತ್ತದೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಿರುಸಾಗಿ ನಡೆದು ನೋಡಿದರೆ ಇದು ತಾನಾಗಿಯೇ ತಿಳಿಯುತ್ತದೆ.

ಒಂದೇ ಕಲ್ಲು, ಇಬ್ಬರು ಬೀಸುವವರು

ಇಡೀ ವಿಷಯದ ಕೀಲಿ ಇರುವುದು ಇಲ್ಲಿ. ಚಲಿಸುವ ಹಿಡಿಕೆ ಮತ್ತು ಪೆಡಲ್ ಎರಡೂ ಒಂದೇ ಚಕ್ರಕ್ಕೆ ಜೋಡಣೆಯಾಗಿವೆ. ಕೈಗೆ ಬೇರೆ ಭಾರ, ಕಾಲಿಗೆ ಬೇರೆ ಭಾರ ಎಂಬುದು ಸಾಮಾನ್ಯ ಎಲಿಪ್ಟಿಕಲ್‌ನಲ್ಲಿ ಇಲ್ಲ.

ನಮ್ಮ ಭಾಗದ ಹಳೆಯ ಮನೆಗಳಲ್ಲಿ ಜೋಳ ಬೀಸುತ್ತಿದ್ದ ಬೀಸುಕಲ್ಲನ್ನು ನೆನಪಿಸಿಕೊಳ್ಳಬಹುದು. ಹೆಚ್ಚು ಕಾಳು ಇದ್ದಾಗ ಇಬ್ಬರು ಹೆಣ್ಣುಮಕ್ಕಳು ಎದುರುಬದುರು ಕುಳಿತು ಒಂದೇ ಗೂಟವನ್ನು ಹಿಡಿದು ಬೀಸುತ್ತಿದ್ದರು. ಇಬ್ಬರೂ ಬಲ ಹಾಕಿದರೆ ಇಬ್ಬರಿಗೂ ಹಗುರ. ಒಬ್ಬಳು ಗೂಟದ ಮೇಲೆ ಸುಮ್ಮನೆ ಕೈ ಇಟ್ಟು ಕುಳಿತರೂ ಕಲ್ಲು ತಿರುಗುತ್ತದೆ, ಅವಳ ಕೈಯೂ ಅದರೊಂದಿಗೆ ಸುತ್ತುತ್ತದೆ, ದೂರದಿಂದ ನೋಡುವವರಿಗೆ ಇಬ್ಬರೂ ಬೀಸುತ್ತಿರುವಂತೆಯೇ ಕಾಣುತ್ತದೆ. ಆದರೆ ಭಾರವೆಲ್ಲ ಇನ್ನೊಬ್ಬಳದು. ಕೆಳಗೆ ಉದುರಿದ ಹಿಟ್ಟನ್ನು ನೋಡಿ ಯಾರು ಎಷ್ಟು ದುಡಿದರೆಂದು ಹೇಳಲು ಬರುವುದಿಲ್ಲ.

ಎಲಿಪ್ಟಿಕಲ್‌ನ ಮೇಲೆ ಕಾಲು ಮತ್ತು ತೋಳುಗಳ ಸಂಬಂಧ ಇಷ್ಟೇ. ಕಾಲುಗಳು ಚಕ್ರ ತಿರುಗಿಸುತ್ತಿರುವಾಗ ಹಿಡಿಕೆಗಳು ತಾವಾಗಿಯೇ ಓಡಾಡುತ್ತವೆ. ಅವುಗಳನ್ನು ಹಿಡಿದುಕೊಂಡ ಕೈಗಳೂ ಓಡಾಡುತ್ತವೆ. ಕೈ ಆಡುತ್ತಿದೆ ಎಂಬುದರಿಂದ ಕೈ ದುಡಿಯುತ್ತಿದೆ ಎಂದಾಗುವುದಿಲ್ಲ. ಅರ್ಧ ತಾಸು ಹಿಡಿಕೆ ಹಿಡಿದು ಇಳಿದವರು ತೋಳುಗಳಿಗೂ ವ್ಯಾಯಾಮವಾಯಿತು ಎಂದು ನಂಬಿರುತ್ತಾರೆ. ಅವರಲ್ಲಿ ಅನೇಕರ ತೋಳುಗಳು ಬರೀ ಪ್ರಯಾಣ ಮಾಡಿರುತ್ತವೆ.

ಇದನ್ನು ಪರೀಕ್ಷಿಸಲು ಒಂದು ಸರಳ ದಾರಿಯಿದೆ. ಚಲಿಸುವ ಹಿಡಿಕೆಗಳನ್ನು ಹಿಡಿದು ಒಂದೇ ವೇಗದಲ್ಲಿ ಎರಡು ನಿಮಿಷ ನಡೆಯಬೇಕು. ಸ್ಕ್ರೀನಿನ ಮೇಲೆ ನಿಮಿಷಕ್ಕೆ ಎಷ್ಟು ಹೆಜ್ಜೆ ಅಥವಾ ಸುತ್ತು ಎಂಬುದನ್ನು ಗಮನಿಸಬೇಕು. ನಂತರ ಲೆವೆಲ್ ಬದಲಿಸದೆ, ವೇಗವನ್ನೂ ಬದಲಿಸದೆ, ಕೈಗಳನ್ನು ಒಂದೊಂದಾಗಿ ಸ್ಥಿರ ಹಿಡಿಕೆಗೆ ಸಾಗಿಸಬೇಕು. ಕಾಲುಗಳು ಒಮ್ಮೆಲೇ ಭಾರವಾದರೆ ಅಲ್ಲಿಯವರೆಗೆ ತೋಳುಗಳು ಪಾಲು ಹೊತ್ತಿದ್ದವು ಎಂದರ್ಥ. ಏನೂ ವ್ಯತ್ಯಾಸ ಕಾಣದಿದ್ದರೆ ತೋಳುಗಳು ಗೂಟದ ಮೇಲೆ ಕೈಯಿಟ್ಟು ಕುಳಿತಿದ್ದವು.

ಇಲ್ಲಿಂದ ಇನ್ನೊಂದು ವಿಷಯವೂ ಹೊರಡುತ್ತದೆ, ಮತ್ತು ಇದನ್ನು ಒಪ್ಪಿಕೊಳ್ಳುವುದು ಹಲವರಿಗೆ ಕಷ್ಟ. ಲೆವೆಲ್ ಅದೇ, ವೇಗವೂ ಅದೇ ಆಗಿದ್ದರೆ ಚಕ್ರಕ್ಕೆ ಬೇಕಾದ ಒಟ್ಟು ಶಕ್ತಿಯೂ ಅದೇ. ತೋಳುಗಳು ಹೆಚ್ಚು ಹಾಕಿದಷ್ಟೂ ಕಾಲುಗಳು ಕಡಿಮೆ ಹಾಕುತ್ತವೆ. ಅಂದರೆ ಕೈ ಸೇರಿಸಿದ ಮಾತ್ರಕ್ಕೆ ದೇಹ ಖರ್ಚು ಮಾಡುವ ಶಕ್ತಿ ದುಪ್ಪಟ್ಟಾಗುವುದಿಲ್ಲ, ಬಹುಮಟ್ಟಿಗೆ ಅಷ್ಟೇ ಇರುತ್ತದೆ. ಹಾಗಾದರೆ ಲಾಭವೆಲ್ಲಿ? ಭಾರ ಹಂಚಿಹೋದಾಗ ಕಾಲಿನ ಸ್ನಾಯುಗಳು ಬೇಗ ಸೋಲುವುದಿಲ್ಲ. ಆದ್ದರಿಂದ ಅದೇ ದಣಿವಿಗೆ ಹೆಚ್ಚು ಹೊತ್ತು ನಡೆಯಬಹುದು, ಇಲ್ಲವೇ ಒಂದೆರಡು ಲೆವೆಲ್ ಏರಿಸಬಹುದು. ಇಬ್ಬರು ಬೀಸಲು ಕುಳಿತಾಗ ಒಬ್ಬಳೇ ಬೀಸುವುದಕ್ಕಿಂತ ಹೆಚ್ಚು ಜೋಳ ಸುರಿಯುತ್ತಿದ್ದರು. ಜೋಳದ ಪ್ರಮಾಣ ಹೆಚ್ಚಿಸದೆ ಇಬ್ಬರು ಕುಳಿತರೆ ಕೆಲಸ ಹಗುರವಾಗುತ್ತಿತ್ತೇ ಹೊರತು ಹಿಟ್ಟು ಹೆಚ್ಚಾಗುತ್ತಿರಲಿಲ್ಲ.

ದೂಡುವುದು ಮತ್ತು ಎಳೆಯುವುದು

ತೋಳುಗಳನ್ನು ದುಡಿಸಬೇಕೆಂದರೆ ಹಿಡಿಕೆಯನ್ನು ಹಿಂಬಾಲಿಸುವ ಬದಲು ಅದನ್ನು ನಡೆಸಬೇಕು. ಒಂದು ಕೈ ಮುಂದಕ್ಕೆ ದೂಡುತ್ತಿರುವಾಗ ಇನ್ನೊಂದು ಕೈ ಹಿಂದಕ್ಕೆ ಎಳೆಯುತ್ತಿರುತ್ತದೆ. ದೂಡುವಾಗ ಎದೆಯ ಸ್ನಾಯು, ಭುಜದ ಮುಂಭಾಗ ಮತ್ತು ತೋಳಿನ ಹಿಂಬದಿಯ ಸ್ನಾಯು ಕೆಲಸ ಮಾಡುತ್ತವೆ. ಎಳೆಯುವಾಗ ಬೆನ್ನಿನ ಅಗಲವಾದ ಸ್ನಾಯುಗಳು, ಭುಜದ ಹಿಂಭಾಗ ಮತ್ತು ತೋಳಿನ ಮುಂಬದಿಯ ಸ್ನಾಯು ಕೆಲಸ ಮಾಡುತ್ತವೆ.

ಎರಡನ್ನೂ ಒಟ್ಟಿಗೆ ಗಮನಿಸುವುದು ಮೊದಲಿಗೆ ಕಷ್ಟವಾದ್ದರಿಂದ, ಒಂದು ನಿಮಿಷ ದೂಡುವ ಕೈಯ ಮೇಲಷ್ಟೇ ಲಕ್ಷ್ಯ ಇಟ್ಟು, ಮುಂದಿನ ನಿಮಿಷ ಎಳೆಯುವ ಕೈಯ ಮೇಲಷ್ಟೇ ಲಕ್ಷ್ಯ ಇಟ್ಟು ಅಭ್ಯಾಸ ಮಾಡಿದರೆ ಒಂದೆರಡು ವಾರದಲ್ಲಿ ಕೈ ಹದಕ್ಕೆ ಬರುತ್ತದೆ. ದಿನವಿಡೀ ಕಂಪ್ಯೂಟರ್ ಮುಂದೆ, ಹೊಲಿಗೆ ಯಂತ್ರದ ಮುಂದೆ ಅಥವಾ ಅಂಗಡಿಯ ಗಲ್ಲೆಯಲ್ಲಿ ಮುಂದಕ್ಕೆ ಬಾಗಿ ಕೂಡುವವರು ಎಳೆಯುವುದಕ್ಕೆ ಹೆಚ್ಚು ಗಮನ ಕೊಡುವುದು ಒಳ್ಳೆಯದು ಎಂದು ನನಗನಿಸುತ್ತದೆ. ಅವರ ಬೆನ್ನಿನ ಮೇಲ್ಭಾಗಕ್ಕೆ ಬೇರೆ ಕೆಲಸವೇ ಇರುವುದಿಲ್ಲ.

ಎಲ್ಲಿ ಹಿಡಿಯಬೇಕೆಂಬುದಕ್ಕೂ ಲೆಕ್ಕವಿದೆ. ನಮ್ಮ ಹಳ್ಳಿಗಳಲ್ಲಿ ಬೋರಿಂಗ್ ಎಂದು ಕರೆಯುವ ಕೈಪಂಪಿನ ಹಿಡಿಕೆಯನ್ನು ತುದಿಯಲ್ಲಿ ಹಿಡಿದರೆ ಹಗುರ, ಆದರೆ ಕೈ ಹೆಚ್ಚು ದೂರ ಓಡಾಡಬೇಕು. ಬುಡದ ಹತ್ತಿರ ಹಿಡಿದರೆ ಓಡಾಟ ಕಡಿಮೆ, ಬಲ ಹೆಚ್ಚು ಬೇಕು. ಎಲಿಪ್ಟಿಕಲ್‌ನ ಹಿಡಿಕೆಯೂ ಅಂಥದೇ ಸನ್ನೆಗೋಲು. ಆದರೆ ತುದಿ ಹಗುರವೆಂದು ಭುಜಕ್ಕಿಂತ ಮೇಲೆ ಹಿಡಿದರೆ ಭುಜಗಳು ಕಿವಿಯ ಕಡೆಗೆ ಏರಿ, ಕತ್ತಿನ ಸ್ನಾಯುಗಳು ಬಿಗಿಯುತ್ತವೆ. ಎದೆಯ ಮಟ್ಟದಲ್ಲಿ, ಮೊಣಕೈ ಸ್ವಲ್ಪ ಮಡಿಚಿರುವಂತೆ, ಕೈ ಪೂರ್ತಿ ಮುಂದೆ ಹೋದಾಗಲೂ ಮೈ ಅದರ ಹಿಂದೆ ವಾಲದಂತೆ ಹಿಡಿಯುವುದು ಸರಿ. ಮನೆಯಲ್ಲಿ ಒಬ್ಬರ ಎತ್ತರಕ್ಕೆ ಸರಿಹೋದ ಜಾಗ ಇನ್ನೊಬ್ಬರಿಗೆ ಸರಿಹೋಗುವುದಿಲ್ಲ.

ಮುಷ್ಟಿ ಸಡಿಲವಾಗಿರಲಿ. ಹಕ್ಕಿಮರಿಯನ್ನು ಹಿಡಿದಂತೆ ಎಂದು ಹೇಳಿದರೆ ಅತಿಯಾದೀತು, ಆದರೆ ಹಗ್ಗಜಗ್ಗಾಟದ ಹಿಡಿತವಂತೂ ಬೇಡ. ಮಣಿಕಟ್ಟು ಬಾಗದೆ ಮುಂಗೈಯ ನೇರಕ್ಕೆ ಇರಬೇಕು. ಹತ್ತು ನಿಮಿಷದೊಳಗೆ ಬೆರಳು ಜೋಮು ಹಿಡಿಯುತ್ತಿದ್ದರೆ ಬಹುಪಾಲು ಕಾರಣ ಬಿಗಿ ಹಿಡಿತ ಅಥವಾ ಬಾಗಿದ ಮಣಿಕಟ್ಟು.

ಒರಗಿದರೆ ಯಾರ ಭಾರ ಯಾರಿಗೆ

ಸ್ಥಿರ ಹಿಡಿಕೆಯನ್ನು ಹಿಡಿಯುವುದು ತಪ್ಪಲ್ಲ. ಅದರ ಮೇಲೆ ಒರಗುವುದು ಬೇರೆ ವಿಷಯ. ಮನೆಯಲ್ಲಿ ತೂಕದ ಯಂತ್ರವಿದ್ದರೆ ಅದನ್ನು ಅಡುಗೆಮನೆಯ ಕಟ್ಟೆಯ ಪಕ್ಕದಲ್ಲಿಟ್ಟು, ಅದರ ಮೇಲೆ ನಿಂತು, ಎರಡೂ ಅಂಗೈಗಳನ್ನು ಕಟ್ಟೆಯ ಮೇಲೆ ಊರಿ ನೋಡಬೇಕು. ಮುಳ್ಳು ಕೆಳಗೆ ಇಳಿಯುತ್ತದೆ. ಇಳಿದಷ್ಟು ತೂಕವನ್ನು ಕಟ್ಟೆ ಹೊತ್ತಿದೆ. ಎಲಿಪ್ಟಿಕಲ್‌ನ ಮೇಲೆ ಮೈಭಾರವನ್ನು ಹಿಡಿಕೆಗೆ ಬಿಟ್ಟಾಗಲೂ ಕಾಲುಗಳ ಪಾಲಿನ ತೂಕವನ್ನು ಯಂತ್ರದ ಚೌಕಟ್ಟು ಹೊತ್ತುಕೊಳ್ಳುತ್ತದೆ. ಇಲ್ಲಿ ತೋಳುಗಳು ಚಕ್ರ ತಿರುಗಿಸುತ್ತಿಲ್ಲ, ಅವು ಊರುಗೋಲಾಗಿವೆ.

ಸಾಮಾನ್ಯವಾಗಿ ಇದು ಶಕ್ತಿಗೆ ಮೀರಿದ ಲೆವೆಲ್ ಇಟ್ಟುಕೊಂಡವರಲ್ಲಿ ಕಾಣುತ್ತದೆ. ಸೊಂಟ ಹಿಂದೆ, ಎದೆ ಮುಂದೆ, ಕಣ್ಣು ಸ್ಕ್ರೀನಿನ ಮೇಲೆ. ಲೆವೆಲ್ 12 ಎಂದು ಬರೆದಿರುತ್ತದೆ, ಆದರೆ ಕಾಲುಗಳ ಮೇಲಿನ ಮೈಭಾರ ಅರ್ಧಮರ್ಧ ಕಡಿಮೆಯಾಗಿರುತ್ತದೆ. ಬಾಗಿದ ಭಂಗಿಯಿಂದ ಸೊಂಟಕ್ಕೂ ಆಯಾಸ. ಲೆವೆಲ್ ಇಳಿಸಿ ನೇರ ನಿಲ್ಲುವುದೇ ಇದಕ್ಕೆ ಉಪಾಯ.

ತೋಳಿಗೆ ಹೃದಯ ಹೆಚ್ಚು ಬಡಿಯುವುದೇಕೆ

ಬರೀ ತೋಳುಗಳಿಂದ ಒಂದು ಕೆಲಸ ಮಾಡಿದಾಗ, ಅಷ್ಟೇ ಪ್ರಮಾಣದ ಕೆಲಸವನ್ನು ಕಾಲುಗಳಿಂದ ಮಾಡಿದ್ದಕ್ಕಿಂತ ಎದೆಬಡಿತವೂ ರಕ್ತದೊತ್ತಡವೂ ಹೆಚ್ಚು ಏರುತ್ತವೆ. ತೋಳಿನ ಸ್ನಾಯುರಾಶಿ ಚಿಕ್ಕದು. ಚಿಕ್ಕ ಸ್ನಾಯು ಅಷ್ಟೇ ಕೆಲಸ ಮಾಡಬೇಕಾದರೆ ತನ್ನ ಮಿತಿಯ ಹತ್ತಿರ ದುಡಿಯಬೇಕಾಗುತ್ತದೆ. ತರಬೇತಿಯಿಲ್ಲದ ಸಾಮಾನ್ಯ ಜನರು ಬರೀ ತೋಳುಗಳಿಂದ ತಮ್ಮ ಶಕ್ತಿ ಮೀರಿ ದುಡಿದಾಗ ಬಳಸಬಲ್ಲ ಆಮ್ಲಜನಕವು ಕಾಲುಗಳಿಂದ ದುಡಿದಾಗ ಬಳಸುವುದರ ಸುಮಾರು 60ರಿಂದ 70 ಶೇಕಡಾ ಮಾತ್ರ. ಹೊಲದಲ್ಲಿ ಹಗಲೆಲ್ಲ ನಡೆಯಬಲ್ಲವನು ಸೌದೆ ಒಡೆಯಲು ನಿಂತರೆ ಹತ್ತು ನಿಮಿಷಕ್ಕೆ ಏದುಸಿರು ಬಿಡುವುದರ ಹಿಂದೆ ಇದೂ ಒಂದು ಕಾರಣ.

ತೋಳು ಮತ್ತು ಕಾಲು ಎರಡೂ ಸೇರಿ ದುಡಿದಾಗ ಪರಿಸ್ಥಿತಿ ಬೇರೆ. ಹೆಚ್ಚು ಸ್ನಾಯುಗಳು ಪಾಲು ಹಂಚಿಕೊಳ್ಳುವುದರಿಂದ ಯಾವ ಒಂದು ಸ್ನಾಯುವಿಗೂ ಅತಿ ಭಾರವಾಗುವುದಿಲ್ಲ, ಹೃದಯ ಮತ್ತು ಶ್ವಾಸಕೋಶಗಳಿಗೆ ಮಾತ್ರ ಒಳ್ಳೆಯ ಕೆಲಸ ಸಿಗುತ್ತದೆ. ಹಿಮದ ಮೇಲೆ ಕೈಗೋಲುಗಳನ್ನು ಊರಿ ದೂರದೂರ ಜಾರುವ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಆಟಗಾರರು ಆಮ್ಲಜನಕ ಬಳಸುವ ಸಾಮರ್ಥ್ಯದಲ್ಲಿ ಜಗತ್ತಿನ ಮೊದಲ ಸಾಲಿನವರು. ಅವರ ಆಟದಲ್ಲಿ ಕೈಕಾಲು ಎರಡಕ್ಕೂ ಬಿಡುವಿಲ್ಲ.

ಆದರೆ ಬಿ.ಪಿ. ಇರುವವರು ಒಂದು ಎಚ್ಚರಿಕೆ ವಹಿಸಬೇಕು. ಯಾವುದೇ ವಸ್ತುವನ್ನು ಅಲುಗಾಡದೆ ಗಟ್ಟಿಯಾಗಿ ಹಿಂಡಿ ಹಿಡಿದಾಗ ರಕ್ತದೊತ್ತಡ ಏರುತ್ತದೆ, ಜೊತೆಗೆ ಉಸಿರನ್ನೂ ಬಿಗಿಹಿಡಿದರೆ ಇನ್ನಷ್ಟು ಏರುತ್ತದೆ. ಆದ್ದರಿಂದ ಹಿಡಿತ ಸಡಿಲವಾಗಿರಬೇಕು, ಉಸಿರಾಟ ನಿಲ್ಲಬಾರದು, ಮತ್ತು ಎಷ್ಟು ದುಡಿಯಬಹುದೆಂಬುದನ್ನು ಮೊದಲೇ ವೈದ್ಯರಲ್ಲಿ ಕೇಳಿಕೊಂಡಿರಬೇಕು.

ಲೋಹದ ಪಟ್ಟಿ ಮತ್ತು ಸ್ಕ್ರೀನಿನ ಅಂಕಿಗಳು

ಸ್ಥಿರ ಹಿಡಿಕೆಗಳ ಮೇಲೆ ಹೊಳೆಯುವ ಲೋಹದ ಪಟ್ಟಿಗಳಿರುತ್ತವೆ. ಅವು ಎದೆಬಡಿತ ಎಣಿಸುವ ಸಾಧನಗಳು. ಹೃದಯ ಬಡಿದಾಗಲೆಲ್ಲ ಹುಟ್ಟುವ ಅತಿ ಕ್ಷೀಣವಾದ ವಿದ್ಯುತ್ ಸಂಕೇತವನ್ನು ಎರಡೂ ಅಂಗೈಗಳ ಮೂಲಕ ಅವು ಹಿಡಿಯುತ್ತವೆ. ಇ.ಸಿ.ಜಿ. ತೆಗೆಯುವ ತತ್ವವೂ ಇದೇ. ತೊಂದರೆಯೆಂದರೆ ಮುಂಗೈ ಸ್ನಾಯುಗಳೂ ಬಿಗಿಯುವಾಗ ವಿದ್ಯುತ್ ಸಂಕೇತ ಹೊರಡಿಸುತ್ತವೆ. ಹಿಂಡಿ ಹಿಡಿದರೆ ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಳ್ಳುವ ಪಾಡು ಯಂತ್ರದ್ದಾಗುತ್ತದೆ. ಎದೆಬಡಿತ ನೋಡಬೇಕೆನಿಸಿದಾಗ ವೇಗ ಇಳಿಸಿ, ಎರಡೂ ಅಂಗೈಗಳನ್ನು ಹಗುರವಾಗಿ ತಾಗಿಸಿ, ಅಂಕಿ ಸ್ಥಿರವಾಗುವವರೆಗೆ ಕಾಯಬೇಕು. ಎದೆಗೆ ಕಟ್ಟಿಕೊಳ್ಳುವ ಪಟ್ಟಿ ಇದಕ್ಕಿಂತ ಹೆಚ್ಚು ನಂಬಬಹುದಾದದ್ದು. ಬಿ.ಪಿ.ಗೆ ಬೀಟಾ ಬ್ಲಾಕರ್ ಬಗೆಯ ಮಾತ್ರೆ ತೆಗೆದುಕೊಳ್ಳುವವರ ಎದೆಬಡಿತ ಎಷ್ಟು ದುಡಿದರೂ ಬೇರೆಯವರಷ್ಟು ಏರುವುದಿಲ್ಲ. ಅವರು ಅಂಕಿಯ ಬೆನ್ನು ಹತ್ತಬಾರದು.

ಅಂಕಿಗಿಂತ ಸುಲಭವಾದ ಅಳತೆ ಮಾತು. ಮಧ್ಯಮ ಶ್ರಮ ಎಂದರೆ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಸಂಗೀತದ ಊರಾದ ಧಾರವಾಡದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಇಂಥ ಮಧ್ಯಮ ಶ್ರಮವನ್ನು ಸೂಚಿಸಿದೆ. ಅದರ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಹೇಳಿದೆ. ಎಲಿಪ್ಟಿಕಲ್‌ನ ಹಿಡಿಕೆ ಆಡಿಸುವುದು ಈ ಎರಡನೆಯದರ ಜಾಗವನ್ನು ತುಂಬುವುದಿಲ್ಲ. ಅಲ್ಲಿ ಭಾರ ಕಡಿಮೆ, ಸಾವಿರಾರು ಸಲ ಪುನರಾವರ್ತನೆ. ತೋಳು ದಪ್ಪವಾಗಬೇಕೆನ್ನುವವರು ಗರಡಿಮನೆಯ ದಂಡ ಹೊಡೆಯುವುದೋ ಡಂಬೆಲ್ ಎತ್ತುವುದೋ ಮಾಡಲೇಬೇಕು.

ಇನ್ನು ಕ್ಯಾಲೊರಿಯ ಅಂಕಿ. ಯಂತ್ರಕ್ಕೆ ಗೊತ್ತಿರುವುದು ಲೆವೆಲ್, ವೇಗ, ಸಮಯ ಮತ್ತು ನಾವು ನಮೂದಿಸಿದರೆ ತೂಕ ಮಾತ್ರ. ಒರಗಿದ್ದೇವೋ ನೇರ ನಿಂತಿದ್ದೇವೋ ಅದಕ್ಕೆ ತಿಳಿಯದು. ಸರಾಸರಿ ಅಂದಾಜಿಗೆ ಒಂದು ಸೂತ್ರವಿದೆ. ಎಲಿಪ್ಟಿಕಲ್‌ನಲ್ಲಿ ಮಧ್ಯಮ ಶ್ರಮವನ್ನು ಸುಮ್ಮನೆ ಕುಳಿತಿರುವುದರ ಐದು ಪಟ್ಟು ಎಂದು ಲೆಕ್ಕ ಹಿಡಿಯುತ್ತಾರೆ. ಅದನ್ನು ದೇಹದ ತೂಕದಿಂದಲೂ ತಾಸಿನಿಂದಲೂ ಗುಣಿಸಿದರೆ ಸುಮಾರು ಕ್ಯಾಲೊರಿ ಸಿಗುತ್ತದೆ. 70 ಕಿಲೋ ತೂಕದವರು ಅರ್ಧ ತಾಸು ನಡೆದರೆ 5 × 70 × 0.5, ಅಂದರೆ 175. ಅದೇ ಶ್ರಮಕ್ಕೆ ಸ್ಕ್ರೀನು 300 ತೋರಿಸಿದರೆ ಹಿಗ್ಗುವ ಅಗತ್ಯವಿಲ್ಲ.

ಕೈಬಿಟ್ಟು ನಡೆಯುವವರು

ಕೆಲವರು ಯಾವ ಹಿಡಿಕೆಯನ್ನೂ ಹಿಡಿಯದೆ, ರಸ್ತೆಯಲ್ಲಿ ನಡೆದಂತೆ ತೋಳು ಬೀಸುತ್ತಾರೆ. ಇದರಿಂದ ಹೊಟ್ಟೆ ಮತ್ತು ಸೊಂಟದ ಸ್ನಾಯುಗಳು ಆಯ ಕಾಯಲು ಹೆಚ್ಚು ದುಡಿಯುತ್ತವೆ, ಕಾಲುಗಳ ಮೇಲೆ ಪೂರ್ತಿ ಭಾರ ಬೀಳುತ್ತದೆ. ಆದರೆ ಆಗಲೂ ಉದ್ದದ ಹಿಡಿಕೆಗಳು ಓಡಾಡುತ್ತಲೇ ಇರುತ್ತವೆ ಎಂಬುದನ್ನು ಮರೆತರೆ ಮೊಣಕೈಗೆ ಚೆನ್ನಾಗಿ ಬಡಿಯುತ್ತವೆ. ಹೊಸಬರಿಗೆ ಇದು ಬೇಡ.

ಯಾರಿಗೆ ಯಾವುದು

ವಯಸ್ಸಾದವರಿಗೆ, ತಲೆಸುತ್ತು ಬರುವವರಿಗೆ, ಮೊದಲ ವಾರದ ಹೊಸಬರಿಗೆ ಸ್ಥಿರ ಹಿಡಿಕೆ ಸರಿಯಾದದ್ದು. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಶುಗರ್ ಇರುವವರಲ್ಲಿ ಭುಜ ಬಿಗಿದುಕೊಳ್ಳುವ ಫ್ರೋಜನ್ ಶೋಲ್ಡರ್ ಬೇರೆಯವರಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಅಂಥ ಭುಜವನ್ನು ಚಲಿಸುವ ಹಿಡಿಕೆಗೆ ಒಪ್ಪಿಸಿದರೆ ಯಂತ್ರವು ತನ್ನ ಅಳತೆಯಷ್ಟು ಎಳೆಯುತ್ತದೆಯೇ ಹೊರತು ಭುಜದ ಅಳತೆಯನ್ನು ಕೇಳುವುದಿಲ್ಲ. ಅವರು ನೋವು ಕಡಿಮೆಯಾಗುವವರೆಗೆ ಕಾಲುಗಳನ್ನಷ್ಟೇ ದುಡಿಸಿ, ಭುಜಕ್ಕೆ ಫಿಸಿಯೋಥೆರಪಿಯವರು ಹೇಳಿದ ವ್ಯಾಯಾಮ ಮಾಡುವುದು ಮೇಲು. ಭುಜ ಆರೋಗ್ಯವಾಗಿದ್ದು, ಅರ್ಧ ತಾಸು ನಡೆಯುವ ಮೊದಲೇ ತೊಡೆಗಳು ಸೋಲುತ್ತಿದ್ದರೆ ಚಲಿಸುವ ಹಿಡಿಕೆ ನಿಜಕ್ಕೂ ನೆರವಿಗೆ ಬರುತ್ತದೆ. ಎರಡನ್ನೂ ಬಳಸಬಲ್ಲವರು ಐದು ನಿಮಿಷ ಸ್ಥಿರ ಹಿಡಿಕೆ, ಹತ್ತು ನಿಮಿಷ ಚಲಿಸುವ ಹಿಡಿಕೆ ಎಂದು ಅದಲುಬದಲು ಮಾಡಬಹುದು. ಎದೆಯಲ್ಲಿ ಬಿಗಿತ, ಎಡತೋಳಿಗೋ ದವಡೆಗೋ ಹರಡುವ ನೋವು, ಅಸಹಜ ಏದುಸಿರು ಕಂಡರೆ ಅದು ಹಿಡಿಕೆಯ ಪ್ರಶ್ನೆಯಲ್ಲ. ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಹತ್ತುವಾಗ ಮತ್ತು ಇಳಿಯುವಾಗ ಮಾತ್ರ ಎಲ್ಲರಿಗೂ ಒಂದೇ ಕ್ರಮ. ಎರಡೂ ಕೈ ಸ್ಥಿರ ಹಿಡಿಕೆಯ ಮೇಲಿರಬೇಕು, ಏಕೆಂದರೆ ಪೆಡಲ್‌ಗೆ ಭಾರ ಬಿದ್ದ ಕ್ಷಣವೇ ಚಲಿಸುವ ಹಿಡಿಕೆ ಜರುಗುತ್ತದೆ, ಜರುಗುವ ವಸ್ತು ಆಸರೆಯಾಗುವುದಿಲ್ಲ. ಕೆಳಗಿರುವ ಪೆಡಲ್ ಮೇಲೆ ಮೊದಲ ಕಾಲಿಟ್ಟು ಹತ್ತಬೇಕು. ಮುಗಿಸುವಾಗ ಕಾಲು ನಿಲ್ಲಿಸಿದರೂ ಚಕ್ರದ ರಭಸ ಇನ್ನೂ ಉಳಿದಿರುತ್ತದೆಯಾದ್ದರಿಂದ ಪೆಡಲ್ ಪೂರ್ತಿ ನಿಲ್ಲುವವರೆಗೆ ಕಾದು, ಮೇಲಿರುವ ಪೆಡಲ್‌ನ ಕಾಲನ್ನು ಮೊದಲು ನೆಲಕ್ಕಿಟ್ಟು, ಆಮೇಲೆ ಕೈ ಬಿಡಬೇಕು.